ಕಹಿಮದ್ದಿಗೂ ಮಾತ್ರೆಗೂ ಜಗಳವೇಕೆ?

ನಮ್ಮ ಮನೆಯಲ್ಲಿ ಹಿರಿಯರ ಕಾಲದಿಂದಲೂ ಒಂದು ಪದ್ಧತಿ ನಡೆದುಬಂದಿದೆ. ತಿಂಗಳಿಗೊಮ್ಮೆ, ಮುಂಜಾನೆಯ ಲಿಂಗಪೂಜೆ ಮುಗಿದ ಬಳಿಕ, ಮಕ್ಕಳನ್ನು ಸಾಲಾಗಿ ಕುಳ್ಳಿರಿಸಿ ವಾಯುವಿಳಂಗದ ಪುಡಿಯನ್ನು ಬೆಲ್ಲದಲ್ಲಿ ಕಲಸಿ ನುಂಗಿಸುವುದು. ಹೊಟ್ಟೆಯ ಹುಳು ಸಾಯಲೆಂಬುದೇ ಅದರ ಉದ್ದೇಶ. ನಾವೂ ಹಾಗೆಯೇ ಬೆಳೆದವರು. ಮೊಮ್ಮಕ್ಕಳಿಗೂ ಹಾಗೆಯೇ ಮಾಡಿದೆವು. ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನ ಹಿರಿಯ ಮೊಮ್ಮಗಳನ್ನು ಮನೆಯಲ್ಲಿ ಉಳಿಸಿಕೊಂಡವರು ನಾವು. "ಮನೆಯ ಮದ್ದಿರುವಾಗ ಅದೇಕವ್ವಾ?" ಎಂದು ಸೊಸೆಗೆ ಹೇಳಿದವರೂ ನಾವೇ. ಹಿರಿಯರ ಮಾತಿಗೆ ಆಕೆ ಎದುರಾಡಲಿಲ್ಲ. ಹೀಗೆ ಎರಡು ವರ್ಷ ಕಳೆದವು. ಹುಡುಗಿಯ ಮುಖ ಬಿಳಿಚಿಕೊಂಡಿತು; ಮೆಟ್ಟಿಲು ಹತ್ತಿದರೆ ಏದುಸಿರು. "ಅಜ್ಜಾ, ನಿದ್ದಿ ಬರಾಕತ್ತೈತಿ" ಎಂದು ಸಂಜೆಗೇ ಮಲಗುತ್ತಿದ್ದಳು. ಸೋಮಾರಿತನವೆಂದು ಗದರಿಸಿದ್ದೂ ಉಂಟು. ಕೊನೆಗೆ ವೈದ್ಯರು ರಕ್ತ, ಮಲ ಪರೀಕ್ಷಿಸಿ, ಇದು ಕೊಕ್ಕೆಹುಳುವಿನಿಂದಾದ ರಕ್ತಹೀನತೆ ಎಂದರು. ತೋಟದಲ್ಲಿ ಬರಿಗಾಲಲ್ಲಿ ಆಡುವ ಮಗು. ಮಣ್ಣಿನೊಳಗಿನ ಮರಿಹುಳು ಚರ್ಮ ಕೊರೆದು ಒಳಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತಿತ್ತು.

"ಹಾಗಾದರೆ ನಮ್ಮ ಮದ್ದು ಸುಳ್ಳೇ?" ಎಂದು ಕೇಳಿದೆವು. ವೈದ್ಯರು ನಗಲಿಲ್ಲ. "ಸುಳ್ಳೆನ್ನಲಾರೆ ಯಜಮಾನರೇ, ಸಾಲದು ಎನ್ನುತ್ತೇನೆ" ಎಂದರು.

ಆ ಮಾತಿನ ಜಾಡು ಹಿಡಿದು ಒಂದಿಷ್ಟು ಓದಿದೆವು. ವಾಯುವಿಳಂಗವನ್ನು ಆಯುರ್ವೇದವು ಕ್ರಿಮಿಘ್ನವೆಂದೇ ಕರೆದಿದೆ. ನೈಜೀರಿಯದಲ್ಲಿ 60 ಮಕ್ಕಳ ಮೇಲೆ ನಡೆದ ಒಂದು ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಜೇನಿನಲ್ಲಿ ಪಪ್ಪಾಯಿ ಬೀಜದ ಪುಡಿ ಪಡೆದ 30 ಮಕ್ಕಳಲ್ಲಿ 23 ಮಂದಿಯ ಹೊಟ್ಟೆ ಶುದ್ಧವಾಯಿತು. ಬರಿಯ ಜೇನು ಪಡೆದ 30ರಲ್ಲಿ 5 ಮಂದಿಯದು ಮಾತ್ರ. ಭರವಸೆಯ ಮಾತೇ ಸರಿ. ಆದರೆ ಸಣ್ಣ ಪ್ರಯೋಗವೊಂದನ್ನು ನಂಬಿ ಮಾತ್ರೆಯನ್ನು ಬಿಡಲಾಗದು. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯಕಾರಿಯೂ ಅಲ್ಲ. ಹಿಂದೆ ದುಂಡುಹುಳುವಿಗೆ ಕೊಡುತ್ತಿದ್ದ ಸ್ಯಾಂಟೋನಿನ್ ಗಿಡದಿಂದಲೇ ಬಂದದ್ದು; ಅದನ್ನು ಸೇವಿಸಿದವರಿಗೆ ಲೋಕವೆಲ್ಲ ಹಳದಿಯಾಗಿ ಕಾಣುವುದಿತ್ತು. ಹೆಚ್ಚು ಸುರಕ್ಷಿತ ಔಷಧಿಗಳು ಬಂದ ಮೇಲೆ ಅದು ಮೂಲೆಗೆ ಸೇರಿತು. ವಾಯುವಿಳಂಗವನ್ನೂ ಗರ್ಭಿಣಿಯರಿಗೆ ಕೊಡಬಾರದು.

ನಮ್ಮ ದೇಶದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಆಚರಿಸಲಾಗುತ್ತಿದೆ. ಅಂದು ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. 400 ಮಿಲಿಗ್ರಾಂನ ಒಂದು ಮಾತ್ರೆ, ಎರಡು ವರ್ಷದೊಳಗಿನ ಕೂಸಿಗೆ ಅರ್ಧ.

ಆದರೆ ಮಾತ್ರೆ ಹುಳುವನ್ನು ಕೊಲ್ಲುತ್ತದೆಯೇ ಹೊರತು ಹೋದ ರಕ್ತವನ್ನು ತಂದುಕೊಡುವುದಿಲ್ಲ. ಅಡುಗೆಮನೆಗೆ ಕೆಲಸವಿರುವುದು ಇಲ್ಲಿಯೇ. ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಯ ಜೊತೆಗೆ ಸೊಸೆ ನುಗ್ಗೆಸೊಪ್ಪಿನ ಪಲ್ಯ, ನಿಂಬೆ ಹಿಂಡಿದ ಹೆಸರುಕಾಳಿನ ಉಸಳಿ ಮಾಡತೊಡಗಿದಳು. ಊಟದೊಡನೆ ಚಹಾ ನಿಂತಿತು, ಏಕೆಂದರೆ ಅದು ಕಬ್ಬಿಣಾಂಶ ಮೈಗೆ ಹತ್ತಗೊಡದು. ಬಾಗಿಲಲ್ಲಿ ಮಗುವಿನ ಚಪ್ಪಲಿ, ಬಚ್ಚಲಲ್ಲಿ ಸಾಬೂನು ಬಂದವು. ಕೆಲವು ತಿಂಗಳಲ್ಲಿ ಹುಡುಗಿಯ ಕೆನ್ನೆಗೆ ಕಳೆ ಮರಳಿತು.

ದೇಹವನ್ನೇ ದೇಗುಲವೆಂದು ಕಂಡ ಶರಣರ ಪರಂಪರೆ ನಮ್ಮದು. ಆ ದೇಗುಲವನ್ನು ಶುದ್ಧವಾಗಿಡುವಲ್ಲಿ ಹಳತು, ಹೊಸತೆಂಬ ಹಟ ಸಲ್ಲದು. ವಾಯುವಿಳಂಗದ ಡಬ್ಬಿ ಇಂದಿಗೂ ನಮ್ಮ ಮಾಡದಲ್ಲಿದೆ. ಆದರೆ ಮಾತ್ರೆಯ ದಿನ ಮೊಮ್ಮಗಳ ಕೈಹಿಡಿದು ಶಾಲೆಗೆ ಕರೆದೊಯ್ಯುವವರು ಈಗ ನಾವೇ.