ಸೋತವನ ಮಾನ

ಔರಾದಿನ ಅಮರೇಶ್ವರ ಜಾತ್ರೆಯಲ್ಲಿಯೂ ಭಾಲ್ಕಿ, ಬೀದರ ಸುತ್ತಲಿನ ಊರುಜಾತ್ರೆಗಳಲ್ಲಿಯೂ ಜಂಗಿ ಕುಸ್ತಿಯೆಂದರೆ ಜನ ಕಿಕ್ಕಿರಿಯುತ್ತಾರೆ. ತೆಂಗಿನಕಾಯಿಯ ಪಂದ್ಯದಿಂದ ಮೊದಲಾಗಿ ಬೆಳ್ಳಿ ಕಡಗದ ಪಂದ್ಯದವರೆಗೆ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುವುದು ವಾಡಿಕೆ. ನನ್ನ ಕಣ್ಣು ಮಾತ್ರ ಬೆನ್ನಿನ ಮಣ್ಣು ಕೊಡವಿಕೊಳ್ಳುವ ಸೋತವನ ಕಡೆಗೇ ಹೊರಳುತ್ತಿತ್ತು. ಬೆನ್ನು ನೆಲಕ್ಕೆ ತಾಗಿದ್ದು ಕ್ಷಣಮಾತ್ರವಾದರೂ ಊರ ಬಾಯಲ್ಲಿ ಆ ಸೋಲು ವರ್ಷಗಟ್ಟಲೆ ಉಳಿಯುತ್ತದೆ. ಗೆದ್ದವನೇ ಕೈನೀಡಿ ಎಬ್ಬಿಸಿ ತಬ್ಬಿಕೊಂಡಾಗ ಅವನ ಮಾನ ಉಳಿಯುತ್ತದೆ.

ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜಪಾನಿನ ಶೋಹಾಚಿ ಇಶಿಯಿ ಅವರೆದುರು ಸೋತರೂ ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕವದು. 1984ರಲ್ಲಿ ಅವರು ತೀರಿಕೊಂಡು ಹದಿನೈದಕ್ಕೂ ಹೆಚ್ಚು ವರ್ಷಗಳಾದ ಮೇಲೆ ಅರ್ಜುನ ಪ್ರಶಸ್ತಿ ಬಂದಿತು. ಪ್ರಿಯ ವಿದ್ಯಾರ್ಥಿಗಳೇ, ಸಲ್ಲಬೇಕಾದ ಗೌರವವನ್ನು ಮನುಷ್ಯ ಕಣದಲ್ಲಿರುವಾಗಲೇ ಸಲ್ಲಿಸಿರಿ.