ತಂದೆಯವರ ಕೈಗಡಿಯಾರ

ಶಾಲೆಯ ಸುವರ್ಣ ಮಹೋತ್ಸವವೆಂದೊಡನೆ ನನಗೆ ನೆನಪಾಗುವುದು ನಮ್ಮ ಪಡಸಾಲೆಯ ಶಹಾಬಾದಿ ಕಲ್ಲಿನ ನೆಲ.

1984ರ ಎಸ್.ಎಸ್.ಸಿ. ಪರೀಕ್ಷೆಗೆ ತಂದೆಯವರು ತಮ್ಮ ಎಚ್.ಎಂ.ಟಿ. ಕೈಗಡಿಯಾರವನ್ನು ನನಗೆ ಕಟ್ಟಿ ಕಳುಹಿಸಿದ್ದರು. ಗಣಿತದ ದಿನ ಅಕ್ಕಲಕೋಟೆಯ ಈ ಶಾಲೆಯಲ್ಲೇ ಪಟ್ಟಿ ಕಳಚಿ, ಅದು ಆ ಕಲ್ಲಿನ ಮೇಲೆ ಬಿತ್ತು. ಅಜ್ಜನ ಹಳೆಯ ಗಡಿಯಾರ ಹೀಗೆಯೇ ಬಿದ್ದು ಮತ್ತೆಂದೂ ನಡೆದಿರಲಿಲ್ಲ. ತಂದೆಯವರು ಅದನ್ನು ಮೌನವಾಗಿ ಪೆಟ್ಟಿಗೆಯಲ್ಲಿಟ್ಟದ್ದನ್ನು ಕಂಡಿದ್ದೆ. ನಡುಗುತ್ತ ಕಿವಿಗೆ ಹಿಡಿದೆ. ನಡೆಯುತ್ತಿತ್ತು!

ಕಾರಣ ತಿಳಿದದ್ದು ಕಾಲೇಜಿಗೆಂದು ಸೊಲ್ಲಾಪುರಕ್ಕೆ ಹೋದ ಮೇಲೆ. ರಿಪೇರಿಯವರೊಬ್ಬರು ಹಿಂಬದಿಯ ಮುಚ್ಚಳ ತೆಗೆದು, ಭೂತಗನ್ನಡಿಯನ್ನು ನನ್ನ ಕೈಗಿತ್ತು, ಮರಾಠಿ ಬೆರೆತ ಕನ್ನಡದಲ್ಲಿ ವಿವರಿಸಿದರು. ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿಗಳು ಕೂದಲೆಳೆಯಷ್ಟು ಸಪೂರ. ಹಳೆಯ ಗಡಿಯಾರಗಳಲ್ಲಿ ಅವು ತಿರುಗುವ ಹರಳು ಅಲುಗದಂತೆ ಕೂತಿರುತ್ತಿತ್ತು; ಪೆಟ್ಟೆಲ್ಲ ತುದಿಗೇ. ಇದರಲ್ಲಿ ಹರಳಿನ ಮೇಲೊಂದು ಪುಟ್ಟ ಸ್ಪ್ರಿಂಗು. ಪೆಟ್ಟು ಬಿದ್ದಾಗ ಹರಳು ತುಸು ಸರಿಯುತ್ತದೆ. ಅಚ್ಚಿನ ದಪ್ಪ ಭಾಗವು ಸುತ್ತಲಿನ ಲೋಹಕ್ಕೆ ತಾಗಿ ಆಘಾತವನ್ನು ಹೊರುತ್ತದೆ. ಮರುಕ್ಷಣವೇ ಸ್ಪ್ರಿಂಗು ಹರಳನ್ನು ಸ್ವಸ್ಥಾನಕ್ಕೆ ತರುತ್ತದೆ. ಮುಖದ ಮೇಲಿನ ‘ಪ್ಯಾರಾಶಾಕ್’ ಎಂಬ ಪದದ ಅರ್ಥ ಇದೇ. ಅದನ್ನು ನಾನು ದಿನವೂ ಓದುತ್ತಿದ್ದೆ, ಅಲಂಕಾರವೆಂದೇ ತಿಳಿದಿದ್ದೆ! 1961ರಲ್ಲಿ ಬೆಂಗಳೂರಿನ ಕಾರ್ಖಾನೆಗೆ ಸಹಕಾರವಿತ್ತ ಜಪಾನಿನ ಸಿಟಿಜನ್ ಸಂಸ್ಥೆಯ ಏರ್ಪಾಡು ಅದು.

ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚುವ ನಿರ್ಧಾರ 2016ರಲ್ಲಿ ಹೊರಬಿದ್ದಾಗ, ಪೆಟ್ಟಿಗೆಯಿಂದ ಅದನ್ನು ತೆಗೆದು ಚಾವಿ ಕೊಟ್ಟೆ. ನಡೆಯಿತು. ಅಂದು ಅದು ಬಿದ್ದ ಸಂಗತಿಯನ್ನು ತಂದೆಯವರಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಗಾಜಿನ ಅಂಚಿನ ಗೀರನ್ನು ಅವರು ಬೆರಳಿನಿಂದ ಸವರುತ್ತಿದ್ದರು, ಕೇಳಿರಲಿಲ್ಲ.