ಹತ್ತದ ದೀಪ

ಹಳೆಯ ವಾಹನವನ್ನು ಸಾಕಿಕೊಂಡವನಿಗೆ ಶಕುನಗಳಲ್ಲಿ ನಂಬಿಕೆ ತಾನಾಗಿಯೇ ಹುಟ್ಟುತ್ತದೆ. ನಮ್ಮ ವ್ಯಾನಿನಲ್ಲಿ ಶಕುನ ನುಡಿಯುತ್ತಿದ್ದುದು, ಚಾಲಕನ ಎದುರಿನ ಫಲಕದಲ್ಲಿ ಎಣ್ಣೆಯ ಗಿಂಡಿಯ ಆಕಾರದಲ್ಲಿ ಬೆಳಗುವ ಒಂದು ಕೆಂಪು ದೀಪ.

೧೯೯೯ರಲ್ಲಿ ತಂದೆಯವರು ಕೊಂಡ ವ್ಯಾನು ಅದು. ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ಊರೂರಿಗೆ ಮುಟ್ಟಿಸಿ, ಆ ಬಾಡಿಗೆಯಿಂದಲೇ ಅವರು ನನ್ನನ್ನು ಎಂ. ಎ.ವರೆಗೆ ಓದಿಸಿದರು. ಅವರು ತೀರಿಕೊಂಡ ಮೇಲೆ, ತಂಬೂರಿನ ತರುಣನೊಬ್ಬ ಹುಬ್ಬಳ್ಳಿಯ ಪೇಟೆಗೆ ಕಾಯಿಪಲ್ಲೆ ಸಾಗಿಸಲೆಂದು ಅದನ್ನು ಕೇಳಿದ. ೬೦ ಸಾವಿರಕ್ಕೆ ಮಾತಾಯಿತು. ತಂಗಿಯ ಕಾಲೇಜಿನ ಶುಲ್ಕಕ್ಕೆ ನಾನು ನಂಬಿದ್ದುದು ಆ ಹಣವನ್ನೇ.

ವ್ಯಾನನ್ನು ಒಪ್ಪಿಸಲು ಹೊರಟ ದಿನ, ಕಲಘಟಗಿಯನ್ನು ದಾಟಿ ವೇಗ ತಗ್ಗಿಸಿದೊಡನೆ ದೀಪ ಹೊತ್ತಿಕೊಂಡಿತು. ಅಂಥ ವೇಳೆಯಲ್ಲಿ ಮೊದಲ ಧರ್ಮ, ಎಂಜಿನನ್ನು ಆ ಕ್ಷಣವೇ ನಿಲ್ಲಿಸುವುದು. ಇನ್ನೊಂದು ಹರದಾರಿ ಹೋಗೋಣವೆಂದವನು ಎಂಜಿನನ್ನೇ ಕಳೆದುಕೊಂಡಾನು. ಸಮನೆಲದಲ್ಲಿ ನಿಲ್ಲಿಸಿ, ಐದು ನಿಮಿಷ ತಡೆದು, ಅಳತೆಯ ಕಡ್ಡಿಯನ್ನು ಒರೆಸಿ ಅದ್ದಿ ನೋಡಿದೆ. ಎಣ್ಣೆ ಎರಡು ಗುರುತುಗಳ ನಡುವೆಯೇ ಇತ್ತು.

ಆದರೆ ದೀಪ ಹೇಳುವುದು ಎಣ್ಣೆಯ ಪ್ರಮಾಣವನ್ನಲ್ಲ, ಒತ್ತಡವನ್ನು. ಎಂಜಿನಿನ ಮಗ್ಗುಲಲ್ಲಿರುವ ಪುಟ್ಟ ಸ್ವಿಚ್ಚಿನೊಳಗೆ ಒಂದು ತೆಳುಪೊರೆಯಿದೆ. ಎಣ್ಣೆ ಅದನ್ನು ಒತ್ತಿದರೆ ವಿದ್ಯುತ್ತಿನ ಸಂಪರ್ಕ ತಪ್ಪಿ ದೀಪ ಆರುತ್ತದೆ. ಸ್ವಿಚ್ಚು ಕೆಟ್ಟರೂ, ತಂತಿ ಸವೆದು ಲೋಹಕ್ಕೆ ತಗುಲಿದರೂ ದೀಪ ಸುಳ್ಳು ಹೇಳಬಲ್ಲದು. ಸುಳ್ಳೇ ಆಗಿರಲೆಂದು ನಾನು ಹಾರೈಸಿದೆ.

ಕಲಘಟಗಿಯಿಂದ ಮಿಸ್ತ್ರಿ ಬಂದ. ವ್ಯಾನನ್ನು ತನ್ನ ಅಂಗಡಿಗೆ ಎಳೆಸಿಕೊಂಡು ಹೋದ. ಸ್ವಿಚ್ಚಿನ ತಂತಿಯನ್ನು ಕಳಚಿದಾಗ ದೀಪ ಆರಿತು; ಎಂದರೆ ತಂತಿಯಲ್ಲಿ ದೋಷವಿಲ್ಲ. ಹೊಸ ಸ್ವಿಚ್ಚು ಹಾಕಿದ. ಎಂಜಿನು ಕಾದೊಡನೆ ದೀಪ ಮತ್ತೆ ಹೊತ್ತಿತು. ಕೊನೆಗೆ ಸ್ವಿಚ್ಚಿನ ಜಾಗದಲ್ಲಿ ಒತ್ತಡಮಾಪಕವನ್ನು ಕೂಡಿಸಿದ. ಎಂಜಿನಿನ ವೇಗ ಏರಿಸಿದರೆ ಮುಳ್ಳು ತುಸು ಏಳುವುದು, ಬಿಟ್ಟರೆ ಸೊನ್ನೆಯ ಬಳಿ ಕುಳಿತುಬಿಡುವುದು. ತಳದ ಎಣ್ಣೆತೊಟ್ಟಿಯನ್ನು ಬಿಚ್ಚಿದಾಗ ಜಾಲರಿ ಶುಭ್ರವಾಗಿಯೇ ಇತ್ತು. ಬೇರಿಂಗುಗಳು ಮಾತ್ರ ಸವೆದು ಗೀರುಬಿದ್ದಿದ್ದವು. ದೀಪ ಸುಳ್ಳಾಡಿರಲಿಲ್ಲ.

"ದಪ್ಪ ಎಣ್ಣಿ ಹಾಕಿ ಕೊಡ್ಲ್ಯಾ ಸರ? ಸದ್ಯಕ್ಕ ದೀಪ ಹತ್ತೂದಿಲ್ಲ. ಮುಂದ ಹತ್ತೂದ್ರಾಗ ಗಾಡಿ ಅವಂದ ಆಗಿರ್ತದ" ಎಂದ ಮಿಸ್ತ್ರಿ.

ನಾನು ಕೂಡಲೇ ಬೇಡವೆನ್ನಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ. ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಶುಲ್ಕದ ಲೆಕ್ಕ ಹಾಕಿದೆ. ಆಗ ತಂದೆಯವರ ಅಭ್ಯಾಸವೊಂದು ನೆನಪಿಗೆ ಬಂದಿತು. ದಿನವೂ ನಸುಕಿನಲ್ಲಿ ಚಾವಿ ತಿರುಗಿಸಿ, ದೀಪ ಮೊದಲು ಹತ್ತಿದ್ದನ್ನು, ಎಂಜಿನು ಚಾಲೂ ಆದ ಮೇಲೆ ಆರಿದ್ದನ್ನು ನೋಡಿಯೇ ಅವರು ಹೊರಡುತ್ತಿದ್ದರು. "ಹತ್ತಿದ ದೀಪ ಎಚ್ಚರಸ್ತದ, ಹತ್ತದ ದೀಪಕ್ಕ ಅಂಜಬೇಕು" ಎನ್ನುತ್ತಿದ್ದರು. ಬಲ್ಬು ಸುಟ್ಟಿದ್ದರೆ ಎಚ್ಚರಿಸುವವರೇ ಇರುವುದಿಲ್ಲ ಎಂಬುದು ಅವರ ಮಾತಿನ ಅರ್ಥ. ನಾನು ಆ ತರುಣನಿಗೆ ಕೊಡಲು ಹೊರಟಿದ್ದುದು ಅಂಥದೇ ಒಂದು ದೀಪವನ್ನು.

ಮರುದಿನ ಬಸ್ಸಿನಲ್ಲಿ ತಂಬೂರಿಗೆ ಹೋದೆ. ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. "ನೀವು ಹೇಳದ ಇದ್ದಿದ್ರ ನನಗ ಗೊತ್ತಾಗ್ತಿರಲಿಲ್ಲಲ್ರೀ ಸರ" ಎಂದ. ಹಾಗೆಂದು ದರದಲ್ಲಿ ದಾಕ್ಷಿಣ್ಯ ತೋರಲಿಲ್ಲ. ದುರಸ್ತಿಯ ಖರ್ಚು ಕಳೆದು ೪೨ ಸಾವಿರಕ್ಕೆ ನಿಂತ. ಅದು ನ್ಯಾಯವೇ ಆಗಿತ್ತು. ಕಡಿಮೆಬಿದ್ದ ಹಣಕ್ಕೆ ನಾನು ಸಾಲ ಮಾಡಿದೆ. ತೀರಿಸಲು ಒಂದು ವರ್ಷ ಹಿಡಿಯಿತು.

ಕೆಲವು ತಿಂಗಳ ಮೇಲೆ ಕಲಘಟಗಿಯಲ್ಲಿ ಅವನು ಎದುರಾಗಿ, ಹುಬ್ಬಳ್ಳಿಯವರೆಗೆ ಬರಲು ಕರೆದ. ಬದನೆಕಾಯಿಯ ಚೀಲಗಳ ನಡುವೆ ನನಗೆ ಜಾಗ ಮಾಡಿಕೊಟ್ಟು ಚಾವಿ ತಿರುಗಿಸಿದ. ಕೆಂಪು ದೀಪ ಹತ್ತಿತು. ಎಂಜಿನು ಚಾಲೂ ಆಯಿತು. ದೀಪ ಆರುವವರೆಗೂ ಅವನು ಗೇರಿಗೆ ಕೈಹಾಕಲಿಲ್ಲ.